ಟೆಂಪ್ ಫೈಲ್ ಅಳಿಸಿ ಅಂತ ಬರೆಯೋವಾಗ ಯಾವುದನ್ನ ಮುಟ್ಟಬಾರ್ದು ಅಂತಾನೂ ಬರೀರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

"ಕಂಪ್ಯೂಟರ್ ಸ್ಲೋ ಆಗಿದ್ಯಾ, ಟೆಂಪ್ ಫೋಲ್ಡರ್ ಖಾಲಿ ಮಾಡಿ, ರಾಕೆಟ್ ಥರ ಓಡುತ್ತೆ" ಅನ್ನೋ ಥರದ ಟಿಪ್ಸ್ ಪತ್ರಿಕೆಗಳ ತಂತ್ರಜ್ಞಾನ ಪುಟದಲ್ಲಿ, ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ, ಒಂದು ನಿಮಿಷದ ವಿಡಿಯೋಗಳಲ್ಲಿ ಬರ್ತಾನೇ ಇರುತ್ತೆ, ನಿಮ್ಮ ಪತ್ರಿಕೇಲೂ ಆಗಾಗ ನೋಡಿದೀನಿ. ಟಿಪ್ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ನಾಲ್ಕು ಸಾಲಿನ ಬಾಕ್ಸ್‌ನಲ್ಲಿ ಏನನ್ನ ಅಳಿಸಬೇಕು ಅಂತ ಇರುತ್ತೆ, ಏನನ್ನ ಮುಟ್ಟಬಾರ್ದು, ಯಾವ ಹೊತ್ತಲ್ಲಿ ಅಳಿಸಬಾರ್ದು ಅನ್ನೋದು ಮಾತ್ರ ಇರಲ್ಲ. ಓದೋರಲ್ಲಿ ಮುಕ್ಕಾಲು ಪಾಲು ಜನ ಅದನ್ನ ಇದ್ದ ಹಾಗೇ ಮಾಡ್ತಾರೆ, ಎಲ್ಲಾದಕ್ಕೂ ಟಿಕ್ ಹಾಕಿ ಡಿಲೀಟ್ ಒತ್ತಿ ಆಮೇಲೆ "ನನ್ನ ಫೈಲ್ ಎಲ್ಲಿ ಹೋಯ್ತು" ಅಂತ ಹುಡುಕ್ತಾರೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸೋದಿದ್ರೆ ಡೌನ್‌ಲೋಡ್ಸ್ ಬಗ್ಗೆ ಬರೆದಿರೋದನ್ನ ಮಾತ್ರ ದಯವಿಟ್ಟು ಉಳಿಸ್ಕೊಳ್ಳಿ.

ಮೊದ್ಲು ಈ ಟೆಂಪ್, ಅಂದ್ರೆ ತಾತ್ಕಾಲಿಕ ಫೈಲ್‌ಗಳು ಎಲ್ಲಿಂದ ಬರ್ತಾವೆ ಅಂತ ನೋಡೋಣ. ಯಾವುದೇ ಪ್ರೋಗ್ರಾಂ ಕೆಲಸ ಮಾಡೋವಾಗ ಅರ್ಧಂಬರ್ಧ ಆಗಿರೋದನ್ನ ಎಲ್ಲೋ ಒಂದು ಕಡೆ ಇಟ್ಕೋಬೇಕಲ್ಲ, ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋವಾಗ ಅದರ ತುಂಡುಗಳನ್ನ ಬಿಚ್ಚಿ ಹರಡ್ಕೊಳ್ಳೋಕೆ ಜಾಗ ಬೇಕು, ವಿಡಿಯೋ ಎಡಿಟ್ ಮಾಡೋ ಪ್ರೋಗ್ರಾಂಗೆ ಬೇಕು, ಬ್ರೌಸರ್‌ಗೆ ಬೇಕು. ವಿಂಡೋಸ್‌ನಲ್ಲಿ ಪ್ರತಿಯೊಬ್ಬ ಯೂಸರ್‌ಗೂ ಆಪ್‌ಡೇಟಾ ಅನ್ನೋ ಮರೆಯಾಗಿರೋ ಫೋಲ್ಡರ್ ಇರುತ್ತೆ, ಅದರೊಳಗೆ ಲೋಕಲ್, ಅದರೊಳಗೆ ಟೆಂಪ್. ಇದಲ್ದೆ ವಿಂಡೋಸ್ ಫೋಲ್ಡರ್ ಒಳಗೇ ಇನ್ನೊಂದು ಟೆಂಪ್ ಇದೆ, ಅದು ಸಿಸ್ಟಂದು. ಕೆಲಸ ಮುಗಿದ ಮೇಲೆ ಆಯಾ ಪ್ರೋಗ್ರಾಮೇ ತನ್ನ ಕಸ ತಾನೇ ಎತ್ಕೊಂಡು ಹೋಗ್ಬೇಕು ಅನ್ನೋದು ಪದ್ಧತಿ. ಆದ್ರೆ ಮಧ್ಯದಲ್ಲಿ ಕರೆಂಟ್ ಹೋಯ್ತು, ಪ್ರೋಗ್ರಾಂ ಹ್ಯಾಂಗ್ ಆಯ್ತು, ನಾವೇ ಬಲವಂತವಾಗಿ ಕ್ಲೋಸ್ ಮಾಡಿದ್ವಿ ಅಂದ್ರೆ ಎತ್ತೋರು ಯಾರೂ ಇಲ್ಲ, ಅಲ್ಲೇ ಉಳಿಯುತ್ತೆ. ಕೆಲವು ಪ್ರೋಗ್ರಾಂ ಬರೆದೋರು ಆ ಕೆಲಸಾನೇ ಮಾಡಿರಲ್ಲ ಬಿಡಿ. ರೀಸ್ಟಾರ್ಟ್ ಮಾಡಿದ್ರೆ ತಾನಾಗೇ ಖಾಲಿ ಆಗುತ್ತೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ವಿಂಡೋಸ್‌ನಲ್ಲಿ ಹಾಗಾಗಲ್ಲ, ಅದಕ್ಕೇ ವರ್ಷಗಟ್ಟಲೆ ಸೇರ್ಕೊಂಡು ಸೇರ್ಕೊಂಡು ಕೆಲವರ ಮಷೀನ್‌ನಲ್ಲಿ ಹತ್ತಾರು ಜಿಬಿ ಆಗಿರುತ್ತೆ.

ಇನ್ನು ಈ ರಾಕೆಟ್ ವಿಷ್ಯ. ಡಿಸ್ಕ್‌ನಲ್ಲಿ ಸುಮ್ನೆ ಬಿದ್ದಿರೋ ಫೈಲ್ ಕಂಪ್ಯೂಟರನ್ನ ನಿಧಾನ ಮಾಡಲ್ಲ, ಯಾರೂ ಅದನ್ನ ಓದ್ತಾ ಇಲ್ಲವಲ್ಲ. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದ್ರೆ ಆಗ ವ್ಯತ್ಯಾಸ ಗೊತ್ತಾಗುತ್ತೆ, ಯಾಕಂದ್ರೆ ಅಪ್‌ಡೇಟ್ ಇಳಿಸ್ಕೊಳ್ಳೋಕೆ, ರ್‍ಯಾಮ್ ಸಾಲದೆ ಹೋದಾಗ ಡಿಸ್ಕ್ ಮೇಲೆ ಬರ್ಕೊಳ್ಳೋಕೆ ವಿಂಡೋಸ್‌ಗೆ ಜಾಗ ಬೇಕು. ಡ್ರೈವ್‌ನಲ್ಲಿ ಅರ್ಧ ಖಾಲಿ ಇಟ್ಕೊಂಡು ಎರಡು ಜಿಬಿ ಟೆಂಪ್ ಅಳಿಸಿದ್ರೆ ಏನೂ ಆಗಲ್ಲ. ಸ್ಲೋ ಇದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಸ್ಟಾರ್ಟಪ್ ಅನ್ನೋ ಕಡೆ ನೋಡಿ, ಆನ್ ಮಾಡಿದ ತಕ್ಷಣ ಎದ್ದು ಕೂರೋ ಪ್ರೋಗ್ರಾಂಗಳ ಸಾಲೇ ಇರುತ್ತೆ, ಬೇಡದ್ದನ್ನ ಡಿಸೇಬಲ್ ಮಾಡಿ, ಇದರಲ್ಲಿ ಸಿಗೋ ವೇಗದ ಕಾಲು ಭಾಗಾನೂ ಟೆಂಪ್ ಅಳಿಸಿದ್ರೆ ಸಿಗಲ್ಲ. ಹಳೇ ತಿರುಗೋ ಹಾರ್ಡ್ ಡಿಸ್ಕ್ ಇದ್ರಂತೂ ಎಸ್‌ಎಸ್‌ಡಿ, ಅಂದ್ರೆ ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್, ಹಾಕಿಸೋದೇ ದಾರಿ. ಪ್ರೀಫೆಚ್ ಫೋಲ್ಡರ್ ಅಳಿಸಿ ಅಂತಾನೂ ಟಿಪ್ಸ್ ಬರುತ್ತೆ, ಅದು ಇರೋದೇ ಪ್ರೋಗ್ರಾಂ ಬೇಗ ತೆರ್ಕೊಳ್ಳಲಿ ಅಂತ ವಿಂಡೋಸ್ ಬರ್ದಿಟ್ಕೊಂಡಿರೋ ಲೆಕ್ಕ, ಅಳಿಸಿದ್ರೆ ಮುಂದಿನ ಸಲ ಇನ್ನೂ ನಿಧಾನ, ಆಮೇಲೆ ಅದು ಮತ್ತೆ ಬರ್ಕೊಳ್ಳುತ್ತೆ ಅಷ್ಟೆ.

ಸರಿ, ಜಾಗ ಬೇಕೇ ಬೇಕು, ಅಳಿಸಬೇಕು ಅನ್ನೋರು ಮೊದ್ಲು ತೆರೆದಿರೋದನ್ನೆಲ್ಲಾ ಸೇವ್ ಮಾಡಿ ಕ್ಲೋಸ್ ಮಾಡಿ ಒಂದ್ಸಲ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 8 ಬಂದಾಗಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಆನ್ ಇದ್ರೆ ಶಟ್‌ಡೌನ್ ಮಾಡಿದಾಗ ಸಿಸ್ಟಂ ಪೂರ್ತಿ ಹೊಸದಾಗಿ ಶುರು ಆಗಲ್ಲ, ರೀಸ್ಟಾರ್ಟ್ ಮಾಡಿದಾಗ ಆಗುತ್ತೆ. ಇದು ಯಾಕೆ ಅಂದ್ರೆ ಕೆಲವು ಇನ್‌ಸ್ಟಾಲರ್‌ಗಳು ಅರ್ಧ ಕೆಲಸ ಮುಗಿಸಿ ಉಳಿದರ್ಧ ರೀಸ್ಟಾರ್ಟ್ ಆದ್ಮೇಲೆ ಮಾಡ್ತೀನಿ ಅಂತ ತಮ್ಮ ಫೈಲ್‌ಗಳನ್ನ ಟೆಂಪ್‌ನಲ್ಲೇ ಇಟ್ಟಿರ್ತಾವೆ, ನಾವು ಮಧ್ಯದಲ್ಲಿ ಹೋಗಿ ಗುಡಿಸಿಬಿಟ್ರೆ ಆ ಸಾಫ್ಟ್‌ವೇರ್ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್. ವಿಂಡೋಸ್ 10, 11 ಎರಡರಲ್ಲೂ ಇದೇ ದಾರಿ, ಯಾವ ಸಾಫ್ಟ್‌ವೇರೂ ಡೌನ್‌ಲೋಡ್ ಮಾಡ್ಬೇಕಾಗಿಲ್ಲ. ಸ್ವಲ್ಪ ಹೊತ್ತು ಸ್ಕ್ಯಾನ್ ಮಾಡಿ ಒಂದು ಪಟ್ಟಿ ತೋರ್ಸುತ್ತೆ, ಪ್ರತಿಯೊಂದರ ಮುಂದೂ ಎಷ್ಟು ಜಾಗ ಅಂತ ಇರುತ್ತೆ, ಪಕ್ಕದಲ್ಲಿ ಟಿಕ್ ಹಾಕೋ ಚೌಕ. ಇಲ್ಲೇ ಜನ ಬೀಳೋದು. ಆ ಪಟ್ಟೀಲಿ ಥಂಬ್‌ನೇಲ್ಸ್ ಅಂತ ಇರುತ್ತೆ, ಫೋಟೋಗಳ ಪುಟಾಣಿ ಚಿತ್ರಗಳು, ಅಳಿಸಿದ್ರೆ ಮತ್ತೆ ತಾನೇ ಮಾಡ್ಕೊಳ್ಳುತ್ತೆ, ಧೈರ್ಯವಾಗಿ ಅಳಿಸಿ. ಡೆಲಿವರಿ ಆಪ್ಟಿಮೈಸೇಷನ್ ಅಂತ ಇರುತ್ತೆ, ಇಳಿಸಿಟ್ಟ ಅಪ್‌ಡೇಟ್‌ಗಳ ತುಂಡುಗಳು, ಅದೂ ಅಳಿಸಿ. ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಅಂತ ಇದ್ರೆ ಅದರಲ್ಲೇ ಸಾಮಾನ್ಯವಾಗಿ ಹೆಚ್ಚು ಜಾಗ ಸಿಗೋದು, ತುಂಬಾ ಹೊತ್ತು ತಗೊಳುತ್ತೆ, ಕಾಯ್ಬೇಕು, ಹ್ಯಾಂಗ್ ಆಯ್ತು ಅಂತ ಪವರ್ ಬಟನ್ ಒತ್ಬೇಡಿ. ಇವುಗಳ ಮಧ್ಯದಲ್ಲೇ, ಅದೇ ಅಕ್ಷರದಲ್ಲಿ, ಅದೇ ಥರದ ಚೌಕದ ಪಕ್ಕದಲ್ಲಿ ಡೌನ್‌ಲೋಡ್ಸ್ ಅಂತಾನೂ ಇರುತ್ತೆ!

ಡೌನ್‌ಲೋಡ್ಸ್ ಟೆಂಪ್ ಫೈಲ್ ಅಲ್ಲ ಸ್ವಾಮಿ. ಅದು ನೀವು ಬೇಕು ಅಂತ ಇಳಿಸ್ಕೊಂಡಿರೋದು. ಮನೇಲಿರೋ ಕಂಪ್ಯೂಟರ್‌ಗಳಲ್ಲಿ ನಿಜವಾಗ್ಲೂ ಮುಖ್ಯವಾದ ಫೈಲ್ ಎಲ್ಲಿರುತ್ತೆ ಅಂತ ನೋಡಿ, ಡಾಕ್ಯುಮೆಂಟ್ಸ್‌ನಲ್ಲಿ ನೀಟಾಗಿ ಜೋಡಿಸಿಟ್ಟಿರೋರು ಎಷ್ಟು ಜನ? ಮಗುವಿನ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್, ಯಾರೋ ಕಳಿಸಿದ ಮದುವೆ ಫೋಟೋಗಳು, ವೆಬ್ ವಾಟ್ಸಾಪ್‌ನಿಂದ ಇಳಿಸಿದ್ದು, ಎಲ್ಲಾ ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ತೆ. ಮೊದ್ಲು ಸೆಟ್ಟಿಂಗ್ಸ್‌ನಲ್ಲಿದ್ದ ಈ ಡೌನ್‌ಲೋಡ್ಸ್ ಸಾಲನ್ನ ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಡಿಸ್ಕ್ ಕ್ಲೀನಪ್ ಅನ್ನೋ, ವಿಂಡೋಸ್‌ನಲ್ಲೇ ಇರೋ ಹಳೇ ಗುಡಿಸೋ ಪ್ರೋಗ್ರಾಂಗೂ ಸೇರಿಸಿದ್ರು. ವರ್ಷಗಳಿಂದ ಡಿಸ್ಕ್ ಕ್ಲೀನಪ್ ತೆಗೆದು ಕಣ್ಣು ಮುಚ್ಕೊಂಡು ಎಲ್ಲಾ ಟಿಕ್ ಹಾಕೋ ಅಭ್ಯಾಸ ಇದ್ದೋರಿಗೆ ಅದು ಹೇಳ್ದೆ ಕೇಳ್ದೆ ಬಂದು ಕೂತ ಗುಂಡಿ. ಮೈಕ್ರೋಸಾಫ್ಟ್‌ನೋರು ಆಮೇಲೆ ಡಿಸ್ಕ್ ಕ್ಲೀನಪ್‌ನಿಂದ ಅದನ್ನ ತೆಗೆದ್ರು, ಸೆಟ್ಟಿಂಗ್ಸ್ ಪಟ್ಟೀಲಿ ಮಾತ್ರ ಹಾಗೇ ಬಿಟ್ಟಿದಾರೆ. ಇನ್ನೊಂದು ಮಾತು, ಈ ಪಟ್ಟಿಯಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗಲ್ಲ, ನೇರ ಹೋಯ್ತು ಅಂದ್ರೆ ಹೋಯ್ತು. ರೀಸೈಕಲ್ ಬಿನ್ ಕೂಡ ಅದೇ ಪಟ್ಟೀಲಿದೆ, ಅದರೊಳಗೆ ಏನಿದೆ ಅಂತ ಒಂದ್ಸಲ ತೆರೆದು ನೋಡಿ ಆಮೇಲೆ ಟಿಕ್ ಹಾಕಿ.

ಅದೇ ಜಾಗದಲ್ಲಿ ಸ್ಟೋರೇಜ್ ಸೆನ್ಸ್ ಅಂತ ಒಂದು ಸ್ವಿಚ್ ಇದೆ, ಆನ್ ಮಾಡಿದ್ರೆ ಜಾಗ ಕಮ್ಮಿ ಆದಾಗ ತಾನೇ ಕ್ಲೀನ್ ಮಾಡುತ್ತೆ. ಒಳ್ಳೇದೇ, ನಾನು ಬೇಡ ಅನ್ನಲ್ಲ. ಅದರೊಳಗೆ ಹೋಗಿ ಡೌನ್‌ಲೋಡ್ಸ್ ಫೋಲ್ಡರ್ ಅನ್ನೋ ಕಡೆ ನೆವರ್ ಅಂತ ಇದ್ಯಾ ನೋಡ್ಕೊಳ್ಳಿ, ಯಾರೋ ಸೆಟ್ ಮಾಡ್ಕೊಟ್ಟ ಮಷೀನ್ ಆಗಿದ್ರೆ 30 ದಿನ, 60 ದಿನ ಅಂತ ಏನಾದ್ರೂ ಇಟ್ಟಿರಬಹುದು, ಆಗ ಅಷ್ಟು ದಿನ ತೆರೆಯದೆ ಬಿಟ್ಟ ಫೈಲನ್ನ ಅದೇ ಅಳಿಸಿಹಾಕುತ್ತೆ.

ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ ಅಂತ ದೊಡ್ಡ ಸೈಜಿಂದು ಕಂಡ್ರೆ ಅದು ಇತ್ತೀಚೆಗೆ ದೊಡ್ಡ ಅಪ್‌ಡೇಟ್ ಆಗಿ ಹಳೇ ವಿಂಡೋಸನ್ನ ಪಕ್ಕಕ್ಕೆ ಇಟ್ಟಿರೋದು. ಹೊಸದು ಸರಿ ಹೋಗ್ಲಿಲ್ಲ, ಪ್ರಿಂಟರ್ ಕೆಲಸ ಮಾಡ್ತಿಲ್ಲ, ಸೌಂಡ್ ಬರ್ತಿಲ್ಲ ಅಂದ್ರೆ ವಾಪಸ್ ಹೋಗೋಕೆ ಇರೋ ದಾರಿ ಅದು, ಸಾಮಾನ್ಯವಾಗಿ 10 ದಿನ ಇಟ್ಟು ಆಮೇಲೆ ವಿಂಡೋಸೇ ತೆಗೆಯುತ್ತೆ. ಆತುರ ಯಾಕೆ, ಹತ್ತು ದಿನ ಕಾಯಿರಿ.

ಕೈಯಿಂದಲೇ ಅಳಿಸೋ ಅಭ್ಯಾಸ ಇರೋರು, ಅಂದ್ರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆ ಮಧ್ಯ ಟೆಂಪ್ ಅಂತ ಟೈಪ್ ಮಾಡಿ ಹೋಗೋರು, ಎಲ್ಲಾ ಸೆಲೆಕ್ಟ್ ಮಾಡಿ ಶಿಫ್ಟ್ ಡಿಲೀಟ್ ಹೊಡೀತಾರೆ. ಶಿಫ್ಟ್ ಬೇಡ. ಬರೀ ಡಿಲೀಟ್ ಒತ್ತಿದ್ರೆ ರೀಸೈಕಲ್ ಬಿನ್‌ನಲ್ಲಿ ಇರುತ್ತೆ, ಎರಡು ದಿನ ಎಲ್ಲಾ ಸರಿಯಾಗಿ ಓಡ್ತಿದ್ರೆ ಆಗ ಬಿನ್ ಖಾಲಿ ಮಾಡಿ. ಡೇಟ್ ಪ್ರಕಾರ ಜೋಡಿಸ್ಕೊಂಡು ಒಂದು ವಾರಕ್ಕಿಂತ ಹಳೇದನ್ನ ಮಾತ್ರ ತಗೊಳ್ಳಿ, ಡಿಸ್ಕ್ ಕ್ಲೀನಪ್ ಕೂಡ ಟೆಂಪ್ ಫೈಲ್ ವಿಷ್ಯದಲ್ಲಿ ಒಂದು ವಾರದ ಲೆಕ್ಕಾನೇ ಇಟ್ಕೊಂಡಿತ್ತು. ಮಧ್ಯದಲ್ಲಿ ಫೈಲ್ ಇನ್ ಯೂಸ್ ಅಂತ ಬಂದ್ರೆ ಸ್ಕಿಪ್ ಒತ್ತಿ ಮುಂದೆ ಹೋಗಿ. ಅದನ್ನೂ ಬಿಡಲ್ಲ ಅಂತ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಒಂದೊಂದೇ ಪ್ರೋಗ್ರಾಂ ಕೊಂದು ಅಳಿಸೋರಿದಾರೆ, ಯಾರೋ ಬಳಸ್ತಿದಾರೆ ಅಂತ ವಿಂಡೋಸ್ ಹೇಳ್ತಿರೋವಾಗ ಹಠ ಯಾತಕ್ಕೆ.

ಈಗ ಯಾರೂ ಬರೆಯದ ವಿಷ್ಯಕ್ಕೆ ಬರ್ತೀನಿ. ಟೆಂಪ್ ಫೋಲ್ಡರ್‌ನಲ್ಲಿ ಕಸ ಮಾತ್ರ ಇರುತ್ತೆ ಅನ್ನೋದೇ ಸುಳ್ಳು, ಕೆಲವು ಸಲ ನಿಮ್ಮ ಕೆಲಸಾನೇ ಅಲ್ಲಿರುತ್ತೆ. ಮೇಲ್‌ನಲ್ಲಿ ಬಂದ ಅಟ್ಯಾಚ್‌ಮೆಂಟ್ ಮೇಲೆ ಡಬಲ್ ಕ್ಲಿಕ್ ಮಾಡ್ತೀರಿ ಅಂತಿಟ್ಕೊಳ್ಳಿ, ಡೌನ್‌ಲೋಡ್ ಮಾಡ್ಲಿಲ್ಲ, ನೇರ ತೆರೆದ್ರಿ. ಆ ಮೇಲ್ ಪ್ರೋಗ್ರಾಂ ಏನ್ ಮಾಡುತ್ತೆ, ಫೈಲ್‌ದೊಂದು ಕಾಪಿ ತಾತ್ಕಾಲಿಕ ಫೋಲ್ಡರ್‌ನಲ್ಲಿ ಹಾಕಿ ಅದನ್ನ ತೆರೆಯುತ್ತೆ. ಜಿಪ್ ಒಳಗಿನ ಫೈಲ್ ಮೇಲೆ ನೇರ ಕ್ಲಿಕ್ ಮಾಡಿದ್ರೂ ಅದೇ ಕಥೆ. ಕೆಲವು ಪ್ರೋಗ್ರಾಂಗಳು ಓದೋಕೆ ಮಾತ್ರ ಅಂತ ತೆರೆದು ಸೇವ್ ಮಾಡೋವಾಗ ಬೇರೆ ಜಾಗ ಕೇಳ್ತಾವೆ, ಕೆಲವು ಕೇಳಲ್ಲ, ಕಂಟ್ರೋಲ್ ಎಸ್ ಒತ್ತಿದ್ರೆ ಸೇವ್ ಆಯ್ತು ಅಂತಲೇ ತೋರ್ಸುತ್ತೆ. ಸೇವ್ ಆಗಿರೋದು ನಿಜ, ಆದ್ರೆ ಆಗಿರೋದು ಟೆಂಪ್‌ನಲ್ಲಿ. ಮೂರು ಗಂಟೆ ಕೂತು ತಿದ್ದಿದ ವರದಿ, ರೀಸೆಂಟ್ ಲಿಸ್ಟ್‌ನಲ್ಲಿ ಹೆಸರು ಕಾಣ್ತಿರುತ್ತೆ, ಕ್ಲಿಕ್ ಮಾಡಿದ್ರೆ ತೆರ್ಕೊಳ್ತಾನೂ ಇರುತ್ತೆ, ಹಾಗಾಗಿ ಅನುಮಾನಾನೇ ಬರಲ್ಲ. ಯಾವತ್ತೋ ಒಂದಿನ ಪತ್ರಿಕೆ ಓದಿ ಟೆಂಪ್ ಖಾಲಿ ಮಾಡ್ತಾರೆ, ಮಾರನೇ ದಿನ ರೀಸೆಂಟ್‌ನಲ್ಲಿ ಕ್ಲಿಕ್ ಮಾಡಿದ್ರೆ ಫೈಲ್ ಸಿಗ್ತಿಲ್ಲ, ಮೇಲ್‌ನಲ್ಲಿ ಹೋಗಿ ನೋಡಿದ್ರೆ ತಿದ್ದುವ ಮುಂಚಿನ ಹಳೇ ಕಾಪಿ. ಇದನ್ನ ತಪ್ಪಿಸೋದು ಸುಲಭ, ಮೊದ್ಲೇ ಸೇವ್ ಆಸ್ ಒತ್ತಿ ಡಾಕ್ಯುಮೆಂಟ್ಸ್‌ಗೆ ಹಾಕ್ಕೊಂಡು ಆಮೇಲೆ ತಿದ್ದೋಕೆ ಶುರು ಮಾಡೋದು. ಇಷ್ಟು ದಿನ ಹಾಗೆ ಮಾಡಿಲ್ಲ ಅನ್ನೋರು ಟೆಂಪ್ ಅಳಿಸೋಕೆ ಮುಂಚೆ ಆ ಫೋಲ್ಡರ್‌ನಲ್ಲಿ ವರ್ಡ್, ಎಕ್ಸೆಲ್, ಪಿಡಿಎಫ್ ಫೈಲ್ ಏನಾದ್ರೂ ಇದ್ಯಾ ಅಂತ ಮೇಲೆ ಬಲಗಡೆ ಇರೋ ಸರ್ಚ್‌ನಲ್ಲಿ ಹುಡುಕಿ ನೋಡಿ, ಎರಡು ನಿಮಿಷದ ಕೆಲಸ.

ಕಂಪ್ಯೂಟರ್ ಕ್ರ್ಯಾಶ್ ಆಗಿ ಎದ್ದ ಮೇಲಂತೂ ತಕ್ಷಣ ಕ್ಲೀನಿಂಗ್‌ಗೆ ಇಳೀಬೇಡಿ. ಜನ ಉಲ್ಟಾ ಮಾಡ್ತಾರೆ, ಹ್ಯಾಂಗ್ ಆಯ್ತು ಅಂದ್ರೆ ಕಸ ಜಾಸ್ತಿ ಆಗಿದೆ, ಮೊದ್ಲು ಗುಡಿಸೋಣ ಅಂತ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ. ಸೇವ್ ಮಾಡದೆ ಹೋದ ಪುಟಗಳನ್ನ ವಾಪಸ್ ತರೋ ಫೈಲ್‌ಗಳು ಆಪ್‌ಡೇಟಾ ಒಳಗೇ ಬೇರೆ ಬೇರೆ ಕಡೆ ಇರ್ತಾವೆ. ಮೊದ್ಲು ವರ್ಡ್ ತೆರೆದು ಎಡಗಡೆ ರಿಕವರಿ ಪಟ್ಟಿ ಬರುತ್ತಾ ನೋಡಿ, ಬರ್ಲಿಲ್ಲ ಅಂದ್ರೆ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಒಳಗೆ ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್ ಅಂತ ಇದೆ, ಅಲ್ಲಿ ನೋಡಿ. ಸಿಕ್ಕಿದ್ದನ್ನ ಬೇರೆ ಹೆಸರಲ್ಲಿ ಸೇವ್ ಮಾಡ್ಕೊಂಡ ಮೇಲೆ ಗುಡಿಸೋ ಕೆಲಸ.

ಮುಟ್ಟಲೇಬಾರ್ದು ಅನ್ನೋದು ಕೆಲವಿದೆ. ವಿಂಡೋಸ್ ಫೋಲ್ಡರ್ ಒಳಗೆ ಇನ್‌ಸ್ಟಾಲರ್ ಅಂತ ಒಂದು ಮರೆಯಾಗಿರೋ ಫೋಲ್ಡರ್ ಇದೆ, ನೋಡೋಕೆ ಅರ್ಥ ಇಲ್ಲದ ಹೆಸರಿನ ಫೈಲ್‌ಗಳು, ಹಳೇ ಕಸದ ಥರಾನೇ ಕಾಣುತ್ತೆ, ಅಳಿಸಿದ್ರೆ ಅವತ್ತು ಏನೂ ಆಗಲ್ಲ, ಮುಂದೆ ಯಾವತ್ತೋ ಸಾಫ್ಟ್‌ವೇರ್ ಅಪ್‌ಡೇಟ್ ಮಾಡೋಕೋ ತೆಗೆಯೋಕೋ ಹೋದಾಗ ಆ ಫೈಲ್ ಎಲ್ಲಿ ಅಂತ ಕೇಳಿ ನಿಂತುಬಿಡುತ್ತೆ. ವಿಂಡೋಸ್ ತನ್ನದೇ ಭಾಗಗಳನ್ನ ಇಟ್ಟಿರೋ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಕೂಡ ಅಷ್ಟೆ, ದೊಡ್ಡದಾಗಿ ಕಾಣುತ್ತೆ, ಅದನ್ನ ಕೈಯಿಂದ ಅಳಿಸಿದ್ರೆ ವಿಂಡೋಸೇ ಏಳದೆ ಹೋಗಬಹುದು, ಅದಕ್ಕೆ ಮೇಲೆ ಹೇಳಿದ ಅಪ್‌ಡೇಟ್ ಕ್ಲೀನಪ್ ಬಳಸಿ. ಪೇಜ್‌ಫೈಲ್, ಹೈಬರ್‌ಫಿಲ್ ಅಂತ ಸಿ ಡ್ರೈವ್‌ನಲ್ಲಿ ಎರಡು ದೊಡ್ಡ ಫೈಲ್ ಇರ್ತಾವೆ, ಒಂದು ರ್‍ಯಾಮ್ ಸಾಲದಾಗ ಬರ್ಕೊಳ್ಳೋಕೆ, ಇನ್ನೊಂದು ಹೈಬರ್ನೇಟ್ ಮಾಡೋಕೆ, ಅವೂ ಕಸ ಅಲ್ಲ. ಆಪ್‌ಡೇಟಾ ಪೂರ್ತಿ ಅಳಿಸಿ ಅಂತ ಒಂದು ವಿಡಿಯೋದಲ್ಲಿ ಹೇಳ್ತಿದ್ರು, ಕೇಳಿ ಎದೆ ಧಸಕ್ ಅಂತು, ಬ್ರೌಸರ್‌ನ ಬುಕ್‌ಮಾರ್ಕ್, ಸೇವ್ ಮಾಡಿದ ಪಾಸ್‌ವರ್ಡ್ ಎಲ್ಲಾ ಅದರೊಳಗೇ ಇರೋದು! ಕೈ ಹಾಕೋದಿದ್ರೆ ಲೋಕಲ್ ಒಳಗಿನ ಟೆಂಪ್ ಒಂದಕ್ಕೆ ಮಾತ್ರ.

ಹಾಗೇ ಇಡೀ ಡ್ರೈವ್‌ನಲ್ಲಿ ಡಾಟ್ ಟಿಎಂಪಿ, ಡಾಟ್ ಲಾಗ್, ಡಾಟ್ ಬಿಎಕೆ ಅಂತ ಮುಗಿಯೋ ಫೈಲೆಲ್ಲಾ ಹುಡುಕಿ ಅಳಿಸಿ ಅನ್ನೋದೊಂದಿದೆ. ಬಿಎಕೆ ಅಂದ್ರೆ ಬ್ಯಾಕಪ್ ರೀ, ಲೆಕ್ಕದ ಸಾಫ್ಟ್‌ವೇರ್, ಡ್ರಾಯಿಂಗ್ ಸಾಫ್ಟ್‌ವೇರ್‌ಗಳು ಆಪತ್ಕಾಲಕ್ಕೆ ಅಂತ ಇಟ್ಟಿರೋ ಕಾಪಿ. ಇದಕ್ಕಿಂತ ಅಪಾಯ ಅಂದ್ರೆ ಯಾರೋ ನೋಟ್‌ಪ್ಯಾಡ್‌ನಲ್ಲಿ ಬರೆದು ಹಂಚೋ ಬ್ಯಾಚ್ ಫೈಲ್‌ಗಳು, ಅಂದ್ರೆ ಒಂದಾದ್ಮೇಲೊಂದು ಓಡೋ ಆಜ್ಞೆಗಳ ಪಟ್ಟಿ, ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ ಓಡಿಸಿ ಸಾಕು ಅಂತಾರೆ. ಅದರೊಳಗೆ ಸಾಮಾನ್ಯವಾಗಿ ಎರಡು ಸಾಲು, ಮೊದಲನೇದು ಇಂಥ ಫೋಲ್ಡರ್‌ಗೆ ಹೋಗು, ಎರಡನೇದು ಇಲ್ಲಿರೋದೆಲ್ಲಾ ಅಳಿಸು. ನಿಮ್ಮ ಮಷೀನ್‌ನಲ್ಲಿ ಆ ಫೋಲ್ಡರ್ ಬೇರೆ ಹೆಸರಲ್ಲಿದ್ರೆ ಮೊದಲನೇ ಸಾಲು ಫೇಲ್ ಆಗುತ್ತೆ, ಆದ್ರೆ ಅದು ಅಲ್ಲಿಗೆ ನಿಲ್ಲಲ್ಲ, ಎರಡನೇ ಸಾಲು ಓಡೇ ಓಡುತ್ತೆ, ತಾನಿರೋ ಜಾಗದಲ್ಲೇ ಅಳಿಸೋಕೆ ಶುರು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ಅದು ಇರೋ ಜಾಗ ಯಾವುದು ಅಂದ್ರೆ ಸಿಸ್ಟಂ 32, ವಿಂಡೋಸ್‌ನ ಜೀವಾಳದ ಫೈಲ್‌ಗಳಿರೋ ಫೋಲ್ಡರ್. ಮುಂದಿಂದು ನೀವೇ ಊಹಿಸ್ಕೊಳ್ಳಿ.

ಕ್ಲೀನರ್ ಸಾಫ್ಟ್‌ವೇರ್‌ಗಳ ಬಗ್ಗೆ ಜಾಸ್ತಿ ಬರೆಯಲ್ಲ. "ನಿಮ್ಮ ಕಂಪ್ಯೂಟರ್‌ನಲ್ಲಿ ಸಾವಿರಾರು ತೊಂದರೆಗಳಿವೆ" ಅಂತ ಕೆಂಪಕ್ಷರದಲ್ಲಿ ಹೆದರಿಸೋವು ಕುಕೀ ಅನ್ನೋ, ವೆಬ್‌ಸೈಟ್‌ಗಳು ಬ್ರೌಸರ್‌ನಲ್ಲಿ ಬಿಟ್ಟುಹೋಗೋ ಪುಟ್ಟ ಗುರುತುಗಳನ್ನೂ ಒಂದೊಂದು ತೊಂದರೆ ಅಂತ ಎಣಿಸಿರ್ತಾವೆ, ದುಡ್ಡು ಕಟ್ಟಿದ್ರೆ ಸರಿ ಮಾಡ್ತೀನಿ ಅಂತಾವೆ. ರಿಜಿಸ್ಟ್ರಿ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಬರ್ದಿಟ್ಕೊಳ್ಳೋ ಜಾಗ, ಅದನ್ನ ಕ್ಲೀನ್ ಮಾಡೋ ಸಾಫ್ಟ್‌ವೇರ್ ಬಳಕೆಗೆ ನಮ್ಮ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಬರೆದಿಟ್ಟಿದೆ. ಹೆಸರಾಂತದ್ದು ಅಂತ ನಂಬಿ ಹಾಕ್ಕೊಂಡ್ರೂ ಎಚ್ಚರ ಬೇಕು, 2017ರಲ್ಲಿ ಸಿಸಿಕ್ಲೀನರ್‌ನ 5.33 ಆವೃತ್ತಿಗೆ ಯಾರೋ ಮೊದ್ಲೇ ಒಳಗೆ ನುಗ್ಗಿ ಕೆಟ್ಟ ಕೋಡ್ ಸೇರಿಸಿಬಿಟ್ಟಿದ್ರು, ಕಂಪನಿಯ ಅಧಿಕೃತ ಡೌನ್‌ಲೋಡ್‌ನಿಂದಲೇ ಸುಮಾರು 22 ಲಕ್ಷ ಜನರ ಮಷೀನ್‌ಗೆ ಅದು ಹೋಯ್ತು. ಕಸ ಗುಡಿಸೋ ಪ್ರೋಗ್ರಾಂಗೆ ನಾವು ಇಡೀ ಕಂಪ್ಯೂಟರ್‌ನ ಕೀ ಕೊಟ್ಟಿರ್ತೀವಿ, ವಿಂಡೋಸ್‌ನಲ್ಲೇ ಆ ಕೆಲಸಕ್ಕೆ ಜಾಗ ಇರೋವಾಗ ಮೂರನೇಯೋರು ಯಾಕೆ ಅನ್ನೋದು ನನ್ನ ಅಭಿಪ್ರಾಯ. ಎಲ್ಲಿ ಎಷ್ಟು ಜಾಗ ತುಂಬಿದೆ ಅಂತ ಬರೀ ನೋಡೋಕಾದ್ರೆ ವಿನ್‌ಡಿರ್‌ಸ್ಟಾಟ್ (WinDirStat) ಅಂತ ಫ್ರೀ ಪ್ರೋಗ್ರಾಂ ಇದೆ, ಬಣ್ಣದ ಚೌಕಗಳಲ್ಲಿ ತೋರ್ಸುತ್ತೆ, ನೋಡಿದ್ರೆ ಸಾಮಾನ್ಯವಾಗಿ ಗೊತ್ತಾಗೋದೇನಂದ್ರೆ ಜಾಗ ತಿಂದಿರೋದು ಟೆಂಪ್ ಅಲ್ಲ, ಎರಡೆರಡು ಸಲ ಕಾಪಿ ಮಾಡಿಟ್ಟ ವಿಡಿಯೋಗಳು.

ಬ್ರೌಸರ್‌ದು ಬೇರೇನೇ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿದ್ರೆ ಬರೋ ಬಾಕ್ಸ್‌ನಲ್ಲಿ ಕ್ಯಾಶ್ ಆಗಿರೋ, ಅಂದ್ರೆ ಬ್ರೌಸರ್ ಎತ್ತಿಟ್ಕೊಂಡಿರೋ, ಚಿತ್ರ, ಫೈಲ್ ಅನ್ನೋದನ್ನ ಅಳಿಸಿದ್ರೆ ಏನೂ ತೊಂದ್ರೆ ಇಲ್ಲ, ವೆಬ್‌ಸೈಟ್ ಒಂದ್ಸಲ ನಿಧಾನವಾಗಿ ತೆರೆಯುತ್ತೆ ಅಷ್ಟೆ. ಕುಕೀಸ್ ಅಳಿಸಿದ್ರೆ ಎಲ್ಲಾ ಕಡೆ ಲಾಗೌಟ್. ಪಾಸ್‌ವರ್ಡ್ಸ್ ಅನ್ನೋದಕ್ಕೆ ಟಿಕ್ ಹಾಕಿದ್ರೆ ಸೇವ್ ಆಗಿರೋ ಪಾಸ್‌ವರ್ಡ್ ಹೋಗುತ್ತೆ, ಫೋನ್, ಕಂಪ್ಯೂಟರ್ ಎರಡನ್ನೂ ಒಂದೇ ಥರ ಇಡೋ ಸಿಂಕ್ ಕೂಡ ಆನ್ ಇದ್ರೆ ಫೋನ್‌ನಲ್ಲಿರೋದೂ ಹೋಗುತ್ತೆ, ಪಾಸ್‌ವರ್ಡ್ ಎಲ್ಲೂ ಬರ್ದಿಟ್ಟಿಲ್ಲ ಅನ್ನೋರು ಆ ಚೌಕದ ಹತ್ರಾನೂ ಹೋಗ್ಬೇಡಿ.

ಮ್ಯಾಕ್ ಇರೋರಿಗೆ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಜನರಲ್ ಒಳಗೆ ಸ್ಟೋರೇಜ್ ಇದೆ, ಲೈಬ್ರರಿ ಫೋಲ್ಡರ್‌ಗೆ ಹೋಗಿ ಸಿಕ್ಕಿದ್ದೆಲ್ಲಾ ಅಳಿಸೋ ಸಾಹಸ ಬೇಡ. ಲಿನಕ್ಸ್ ಬಳಸೋರಿಗೆ ನಾನು ಹೇಳೋದೇನಿಲ್ಲ, ಲಿನಕ್ಸ್‌ನ ಹೆಚ್ಚಿನ ಬಗೆಗಳಲ್ಲಿ ಟೆಂಪ್ ಫೋಲ್ಡರ್ ತಾನೇ ಕಾಲಕಾಲಕ್ಕೆ ಖಾಲಿ ಆಗುತ್ತೆ, ಅದನ್ನ ನಂಬಿ ಅಲ್ಲಿ ಏನೂ ಮುಖ್ಯವಾದ್ದು ಇಡಬೇಡಿ ಅಷ್ಟೆ.

ಇಷ್ಟಾದ್ರೂ ಅಳಿಸಬಾರದ್ದು ಅಳಿಸಿ ಹೋಯ್ತು ಅಂದ್ರೆ ಆ ಕಂಪ್ಯೂಟರ್‌ನಲ್ಲಿ ಬೇರೇನೂ ಮಾಡ್ಬೇಡಿ, ರಿಕವರಿ ಸಾಫ್ಟ್‌ವೇರನ್ನ ಅದೇ ಡ್ರೈವ್‌ಗೆ ಇನ್‌ಸ್ಟಾಲ್ ಮಾಡೋದಂತೂ ಬೇಡ್ವೇ ಬೇಡ, ಹೋದ ಫೈಲ್ ಇದ್ದ ಜಾಗದ ಮೇಲೇ ಅದು ಬಂದು ಕೂರಬಹುದು. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ವಾಪಸ್ ಸಿಗೋ ಚಾನ್ಸ್ ಇರುತ್ತೆ. ಎಸ್‌ಎಸ್‌ಡೀಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ಅಳಿಸಿದ ಜಾಗವನ್ನ ಡ್ರೈವೇ ಒರೆಸಿ ಸಿದ್ಧ ಮಾಡ್ಕೊಳ್ಳುತ್ತೆ, ಅಲ್ಲಿ ಆಸೆ ಕಮ್ಮಿ. ಬೇರೆ ಡ್ರೈವ್‌ನಲ್ಲೋ ಕ್ಲೌಡ್‌ನಲ್ಲೋ ಬ್ಯಾಕಪ್ ಇದ್ದೋರು ಮಾತ್ರ ನೆಮ್ಮದಿಯಾಗಿರ್ತಾರೆ.

ಸಂಪಾದಕರೇ, ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟು. ಮುಂದಿನ ಸಲ ಈ ಟಿಪ್ ಹಾಕೋವಾಗ ಬಾಕ್ಸ್‌ನಲ್ಲಿ ಇನ್ನು ಮೂರು ಸಾಲಿಗೆ ಜಾಗ ಮಾಡಿ: ಮೊದ್ಲು ರೀಸ್ಟಾರ್ಟ್ ಮಾಡಿ ಅಂತ, ಡೌನ್‌ಲೋಡ್ಸ್ ಟಿಕ್ ತೆಗೀರಿ ಅಂತ, ಮೇಲ್‌ನಿಂದ ನೇರ ತೆರೆದು ತಿದ್ದಿದ ಫೈಲ್ ಇದ್ರೆ ಮೊದ್ಲು ಎತ್ತಿಟ್ಕೊಳ್ಳಿ ಅಂತ. ಜಾಗ ಸಾಲಲ್ಲ ಅಂದ್ರೆ ರಾಕೆಟ್ ಚಿತ್ರ ತೆಗೆದುಹಾಕಿ.

ಇತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ